ಕಥೆ ಮುಗಿಯುವ ತನಕ

14 ಜುಲೈ 1938, ಇಚಲಕರಂಜಿ

ಬೆಳಿಗ್ಗೆ ಅಂಗಡಿ. ನೂಲಿನ ಗಂಟು ಮಳೆಗೆ ಅರ್ಧ ತೊಯ್ದು ಬಂದಿದೆ. ನೇಕಾರರು ಒಬ್ಬೊಬ್ಬರಾಗಿ ಬಂದು ಮೂಸಿ ನೋಡಿ ಬಿಟ್ಟು ಹೋದರು. ತಮ್ಮಣ್ಣ ಒಬ್ಬನೇ ಕೊಂಡ. ಅವನಿಗೆ ಹನ್ನೆರಡು ತಿಂಗಳೂ ನೆಗಡಿ.

ಆಮೇಲೆ ಟಪಾಲು. ಬೆಳಗಾವಿಯ ಮಾಸಿಕ ಬಂತು! ನನ್ನ ‘ತಾಯಿಯ ನಿಯಮ’, ಮೊದಲ ಕಂತು. ‘ನಿರ್ಮೋಹಿ’ ಎಂಬ ಹೆಸರಿನಲ್ಲಿ. ನೂಲು ಮಾರುವ ಪದ್ಮಕುಮಾರ ಇದನ್ನು ಬರೆದ ಎಂದರೆ ಯಾರು ನಂಬುತ್ತಾರೆ? ತಕ್ಕಡಿಯ ಹಿಂದೆ ಕುಳಿತು ಮತ್ತೆ ಮತ್ತೆ ಓದಿದೆ. ಚೆನ್ನಾಗಿದೆ. ಇಲ್ಲಿ ಸುಳ್ಳು ವಿನಯ ಯಾರಿಗಾಗಿ?

ಕಥೆಯ ನಾಯಕ ಒಬ್ಬ ಮಗ. ತಾಯಿಯ ಮೇಲೆ ಕೈ ಎತ್ತುವುದಿಲ್ಲ, ಬೈಯುವುದಿಲ್ಲ. ಧರ್ಮದ ಹೆಸರು ಹೇಳಿ, ಸವಿ ಮಾತಾಡಿ, ಅವಳ ತಾಟಿನಿಂದ ಒಂದೊಂದೇ ಪದಾರ್ಥ ಬಿಡಿಸುತ್ತಾನೆ. ತಾಯಿ ಸೊರಗುತ್ತ ಹೋಗುತ್ತಾಳೆ, ಊರಲ್ಲಿ ಮಗನಿಗೆ ಹೆಸರು ಬರುತ್ತ ಹೋಗುತ್ತದೆ. ಅವನಿಗೆ ಪಶ್ಚಾತ್ತಾಪವಿಲ್ಲ. ಶಿಕ್ಷೆಯೂ ಇಲ್ಲ. ತಮಾಷೆಗೆಂದು ವ್ರತಕಥೆಯ ಧಾಟಿಯಲ್ಲಿ ಶುರು ಮಾಡಿದ್ದೇನೆ — ‘ಜಂಬೂದ್ವೀಪದ ಭರತಕ್ಷೇತ್ರದಲ್ಲಿ ಒಂದು ಪಟ್ಟಣ...’ ಓದುವವರು ಮೊದಲು ನಗಬೇಕು. ಆಮೇಲೆ ಆ ನಗು ಗಂಟಲಲ್ಲಿ ಸಿಕ್ಕಬೇಕು.

ಮಾಸಿಕವನ್ನು ಮನೆಗೆ ತಂದೆ. ಹೆಂಡತಿ ಶಾಲನ ಕಸಿದುಕೊಂಡಳು. ನಿಪ್ಪಾಣಿಯವಳು, ಕನ್ನಡ ಶಾಲೆ ಕಲಿತವಳು. ಈ ಮನೆಯಲ್ಲಿ ನನ್ನ ಬಿಟ್ಟರೆ ಓದು ಬರುವುದು ಅವಳಿಗೇ. ಹೀರಾಬಾಯಿ ಅತ್ತೆ ಎಂದಿನಂತೆ ತಾಟಿನ ಎದುರು ಕುಳಿತು ‘ಇನ್ನೊಂದು ರೊಟ್ಟಿ, ಇನ್ನೊಂದು ರೊಟ್ಟಿ’. ಅಪ್ಪನ ಅಕ್ಕ. ಬಾಲವಿಧವೆ. ನನ್ನ ತಾಯಿ ನನ್ನನ್ನು ಹೆತ್ತು ಸತ್ತಳು, ಈಕೆ ಸಾಕಿದಳು. ಬಂದವರಿಗೆಲ್ಲ ಅದನ್ನೇ ಹೇಳುತ್ತಾಳೆ. ನಾನು ಎಷ್ಟು ವರ್ಷದ ತನಕ ಹಾಸಿಗೆ ತೊಯಿಸುತ್ತಿದ್ದೆ ಎಂಬುದನ್ನೂ ಸೇರಿಸಿ.

17 ಜುಲೈ

ಮೊನ್ನೆಯಿಂದ ಅತ್ತೆಯ ತಾಟಿನಲ್ಲಿ ಹಾಲಿಲ್ಲ, ಮೊಸರಿಲ್ಲ. ಇವತ್ತು ಕೇಳಿದೆ. ಶಾಲನ ನಕ್ಕಳು.

“ಚಾತುರ್ಮಾಸ ಹಿಡದೈತಲ್ಲರಿ, ದಿನಾ ಮಧ್ಯಾನ ಪಡಸಾಲ್ಯಾಗ ವ್ರತಕಥಿ ಓದತೇನಿ. ಮೊನ್ನೆ ನಿಮ್ಮದನ್ನ ಓದು ಅಂದ್ರು ಅತ್ತಿಯವ್ರು. ಮುಗದ ಕೂಡಲೆ ಕೈ ಮುಗದು ನಿಯಮ ತಗೊಂಡ್ರು. ಆ ತಾಯಿ ಬಿಟ್ಟದ್ದು ನಾನೂ ಬಿಡತೇನಿ, ಆಕಿ ತಿಂದದ್ದು ನಾನೂ ತಿಂತೇನಿ, ಕಥಿ ಮುಗಿಯೂ ತನಕ ಅಂತ.”

ಕಥೆಯಲ್ಲಿ ತಾಯಿ ಮೊದಲ ಕಂತಿಗೆ ಹಾಲು ಮೊಸರು ಬಿಡುತ್ತಾಳೆ. ಹೌದು, ಸರಿಯಾಗಿದೆ.

ಅತ್ತೆಯನ್ನು ಕರೆದು, ಇದು ವ್ರತಕಥೆಯಲ್ಲ, ಬರಿಯ ಕಥೆ ಎಂದೆ. ಮುದುಕಿ ನನ್ನ ಗದ್ದ ಹಿಡಿದಳು. “ಗೊತ್ತೈತೋ ಪದಮ್ಯಾ, ನೀನ ಬರದಿ ಅಂತ ಶಾಲನ ಹೇಳ್ಯಾಳ. ಕಥಿ ಕೇಳಿ ಒಬ್ಬರರೆ ನಿಯಮ ಹಿಡೀಲಿಲ್ಲಂದ್ರ ಅದಕ್ಕ ಫಲಾ ಇಲ್ಲ. ನೀ ಬರದದ್ದು ಹಂಗ ಹೋಗಬಾರದು.”

ನನಗೆ ಫಲ ಬರಲಿ ಎಂದು ಹಾಲು ಬಿಟ್ಟಿದ್ದಾಳೆ! ಬಹಳ ಹೊತ್ತು ನಕ್ಕೆ. ಕೊಲ್ಹಾಪುರದ ಗೆಳೆಯರಿಗೆ ಹೇಳಬೇಕು ಇದನ್ನು.

3 ಆಗಸ್ಟ್, ಕೊಲ್ಹಾಪುರ

ಜಯಪಾಲನ ಮನೆ. ಕಾಲೇಜಿನ ಗೆಳೆಯ, ಈಗ ವಕೀಲ. ಬಾಗಿಲಲ್ಲೇ ಶುರು ಹಚ್ಚಿಕೊಂಡ. “ಕಾಯ ಲಿಹಿಲಂಸ ರೇ! ಏನ ಬರದೀಯೋ! ನನ್ನ ಹೆಂಡತಿ ಆ ಮಾಸಿಕ ಮನ್ಯಾಗ ಇಡಬ್ಯಾಡ ಅಂದ್ಳು. ತಮ್ಮನ ಕೈಗೆ ಕೊಟ್ನಿ. ಅಂವ ಓದಿ ಉಣ್ಣಲಿಲ್ಲ.”

ರಂಕಾಳ ಕೆರೆಯ ದಂಡೆಯ ಚಹದ ಅಂಗಡಿಯಲ್ಲಿ ಇನ್ನೂ ನಾಲ್ಕು ಜನ ಸೇರಿದರು. ‘ನಿರ್ಮೋಹಿ’ ಯಾರು ಎಂದು ಗೊತ್ತಿದ್ದವನು ಜಯಪಾಲ ಒಬ್ಬನೇ; ನನ್ನತ್ತ ಕಣ್ಣು ಹೊಡೆಯುತ್ತಿದ್ದ. ಎಲ್ಲರೂ ಆ ಮಗನನ್ನು ಬೈದರು. ಹಾಳಾದವನು, ಹುಳಬಿದ್ದು ಸಾಯುವವನು. ಎಲ್ಲರೂ ಕೇಳಿದ್ದು ಒಂದೇ — ಕೊನೆಗೆ ಅವನಿಗೆ ಏನಾಗುತ್ತದೆ? ಕಣ್ಣು ಹೋಗಬೇಕು ಎಂದ ಒಬ್ಬ. ಕುಷ್ಠ ಬರಬೇಕು ಎಂದ ಇನ್ನೊಬ್ಬ. ಅವರ ಬಾಯಲ್ಲಿ ಆ ಬೈಗುಳ ಎಷ್ಟು ಇಂಪಾಗಿತ್ತು! ಕುದಿಯುವ ಚಹ ಕುಡಿದರೂ ನಾಲಿಗೆಗೆ ಗೊತ್ತಾಗಲಿಲ್ಲ. ಅತ್ತೆಯ ನಿಯಮದ ವಿಷಯ ಹೇಳಲಿಲ್ಲ. ಯಾಕೋ ಅದನ್ನು ನನ್ನೊಬ್ಬನಿಗೇ ಇಟ್ಟುಕೊಳ್ಳೋಣ ಎನಿಸಿತು.

9 ಆಗಸ್ಟ್, ಇಚಲಕರಂಜಿ

ಎರಡನೇ ಕಂತು ಬಂತು. ಇದರಲ್ಲಿ ತಾಯಿ ತುಪ್ಪ, ಎಣ್ಣೆ, ಬೆಲ್ಲ, ಉಪ್ಪು — ಇಷ್ಟನ್ನೂ ಬಿಡುತ್ತಾಳೆ. ಮಧ್ಯಾಹ್ನ ಅಂಗಡಿಗೆ ಹೋಗಲಿಲ್ಲ. ಕದದ ಹಿಂದೆ ನಿಂತೆ.

ಪಡಸಾಲೆಯಲ್ಲಿ ಶಾಲನ ಓದುತ್ತಿದ್ದಳು. ನಡುವೆ ಒಂದು ಸಲ ನಿಲ್ಲಿಸಿ, “ಅತ್ತಿಯವ್ರ, ಆ ಮಗ ನೀಚ ಅದಾನ. ಇದು ಪುಣ್ಯದ ಕಥಿ ಅಲ್ಲ” ಎಂದಳು.

ಅತ್ತೆ ಬತ್ತಿ ಹೊಸೆಯುತ್ತಿದ್ದಳು. “ಮಗಾ ಹಂಗ್ಯಾಕ ಇರ್ತಾನವಾ? ಆ ಹುಡುಗಗ ಹಸಿವ್ಯಾಗಿರಬೇಕು. ಹಸದ ಹುಡುಗೂರು ಹಂಗ ವಟವಟ ಅಂತಾವು. ಹೂಂ, ಓದು.”

ಮುಗಿಯಿತು. ಕೈ ಮುಗಿದಳು. ಸಂಜೆ ಹೊತ್ತು ಮುಳುಗುವ ಮುಂಚೆ ಉಪ್ಪಿಲ್ಲದ ಬೇಳೆಕಟ್ಟಿಗೆ ಒಣರೊಟ್ಟಿ ಅದ್ದಿಕೊಂಡು ತಿಂದಳು. ಮುಖ ಕಿವುಚಲಿಲ್ಲ. ನನಗೆ ಮಾತ್ರ ಉಪ್ಪಿನಕಾಯಿ ಎರಡು ಸಲ ಬಡಿಸಿದಳು.

ಕೊಲ್ಹಾಪುರದವರು ಬೈದರು, ಅಷ್ಟೇ. ಬೈದು ಮನೆಗೆ ಹೋಗಿ ಉಂಡರು. ಇವಳು ನಾನು ಬರೆದದ್ದನ್ನು ಬದುಕುತ್ತಿದ್ದಾಳೆ. ಇಂಥ ಓದುಗರು ಯಾವ ಲೇಖಕನಿಗೆ ಸಿಕ್ಕಿದ್ದಾರೆ? ಮೈ ಝುಂ ಎಂದಿತು. ಸಂತೋಷದಿಂದಲೇ, ಬೇರೆ ಏನಲ್ಲ.

21 ಆಗಸ್ಟ್, ಗಡಹಿಂಗ್ಲಜ

ಸರ್ವಿಸ್ ಮೋಟಾರಿನಲ್ಲಿ ಬಂದು ಸೊಂಟ ಮುರಿದಿದೆ. ಬಾಕಿ ವಸೂಲಿಯ ನೆಪ. ನಿಜ ಹೇಳಬೇಕೆಂದರೆ, ಇಲ್ಲಿ ಮಾಸಿಕ ಹೆಚ್ಚು ಓದುತ್ತಾರೆಂದು ಕೇಳಿದ್ದೆ. ‘ನಿರ್ಮೋಹಿ’ ಯಾರೆಂಬ ಗುಟ್ಟು ಜಯಪಾಲನ ಬಾಯಿಂದ ಸೋರಿದೆ. ಸೋರಲಿ ಎಂದೇ ಅವನಿಗೆ ಹೇಳಿದ್ದು.

ಇಲ್ಲಿಯ ಶಾಲೆಯ ಶಾಂತಿನಾಥ ಮಾಸ್ತರರು ಪೇಟೆಯಲ್ಲಿ ಎದುರಾದರು. ನಮಸ್ಕಾರ ಮಾಡಿದೆ. ಅವರು ಕೈ ಹಿಂದಕ್ಕೆ ಕಟ್ಟಿಕೊಂಡರು. “ಅದನ್ನ ಬರದದ್ದು ಈ ಕೈಯೇನ್ರಿ? ನಿಮಗ ನಮಸ್ಕಾರ ಮಾಡಾಕ ನನ್ನ ಕೈ ಏಳೂದಿಲ್ಲ.” ಜನ ನೋಡುತ್ತಿದ್ದರು. ನಾನು ನಗುತ್ತಲೇ ಇದ್ದೆ.

ಸಂಜೆ ಬೆಲ್ಲದ ಅಡತಿ ವ್ಯಾಪಾರಿ ಆಬಾಸಾಹೇಬ ಅಂಗಡಿಯ ಹಿಂದಿನ ಕೋಣೆಗೆ ಕರೆದೊಯ್ದು ಬಾಗಿಲು ಮುಂದೆ ಮಾಡಿದ. ಗುರುತಿನವನಲ್ಲ. ಹಣೆಗೆ ಗಂಧ, ಮೃದು ಮಾತು.

“ಎಲ್ಲಾರೂ ಆ ಮಗನ್ನ ಬೈತಾರ್ರಿ. ನಾ ಬೈಲಿಲ್ಲ. ಮನ್ಯಾಗ ಮುದುಕಿ ಇಟ್ಟಗೊಂಡಾಂವಗ ಗೊತ್ತು. ನಮ್ಮವ್ವಗ ಹ್ವಾದ ವರ್ಷ ಜ್ವರಾ ಬಂತು. ಡಾಕ್ಟರನ್ನ ಕರೀಲೇನವಾ ಅಂತ ದಿನಾ ಕೇಳತಿದ್ನಿ. ದಿನಾ ಕೇಳೂದು, ದಿನಾ ಕರೀಲಾರದ ಇರೂದು. ಅಕಿನ ಕಡೀಗೆ ಬ್ಯಾಡೋ ಅಂದ್ಳು. ನಿಮಗ ಹೆಂಗ ಗೊತ್ತಾತ್ರಿ ಇದು?”

ಅವನ ಕಣ್ಣಲ್ಲಿ ನೀರು. ದುಃಖದ್ದಲ್ಲ, ತನ್ನಂಥವನು ಇನ್ನೊಬ್ಬ ಸಿಕ್ಕ ಎಂಬುದಕ್ಕೆ. ಒಂದು ಹೆಜ್ಜೆ ಬಾಗಿಲ ಕಡೆ ಸರಿದೆ. ಆಮೇಲೆ ಸುಧಾರಿಸಿಕೊಂಡೆ. ಬೈದವರಿಗಿಂತ ಇವನು ಕಥೆಯನ್ನು ಚೆನ್ನಾಗಿ ಓದಿದ್ದಾನೆ, ಅದರಲ್ಲಿ ಸುಳ್ಳೇನಿಲ್ಲ. ಬರುವಾಗ ಒಂದು ಬೆಲ್ಲದ ಪೆಂಟೆ ಕಟ್ಟಿಕೊಟ್ಟ.

23 ಆಗಸ್ಟ್, ಇಚಲಕರಂಜಿ

ಅತ್ತೆ ಆ ಬೆಲ್ಲ ಒಡೆದು ನನಗೆ ಹೋಳಿಗೆ ಮಾಡಿದಳು. ಹೂರಣದ ರುಚಿ ನೋಡುವಂತಿಲ್ಲ. ಶಾಲನಳ ಬಾಯಿಗೆ ಇಟ್ಟು ಅವಳ ಮುಖ ನೋಡಿ ಸಿಹಿ ಹದ ಮಾಡಿದಳು. ಲಟ್ಟಿಸುವಾಗ ಎರಡು ಸಲ ಗೋಡೆ ಹಿಡಿದು ನಿಂತಳು. ಆ ನಿಲ್ಲುವ ರೀತಿ ಬರೆದಿಟ್ಟುಕೊಂಡೆ. ಮೂರನೇ ಕಂತಿಗೆ ಬೇಕಾಗುತ್ತದೆ.

30 ಆಗಸ್ಟ್

ದಶಲಕ್ಷಣ ಪರ್ವ ಶುರು. ಬಸದಿಯ ಉಪಾಧ್ಯೆಯವರು ಬಂದರು. ಶಾಲನ ಹೇಳಿಕಳಿಸಿರಬೇಕು.

“ಹೀರಾಬಾಯಾರ, ಸಲ್ಲೇಖನಕ್ಕ ವ್ಯಾಳ್ಯಾ ಅನ್ನೂದು ಒಂದೈತಿ. ವಾಸಿ ಆಗದ ಬ್ಯಾನಿ ಇರಬೇಕು, ಗುರುಗಳ ಅಪ್ಪಣೆ ಇರಬೇಕು. ಗಟ್ಟಿ ಇದ್ದ ಜೀವಾ ಹಿಂಗ ಒಣಗಿಸಿದ್ರ ಅದು ಹಿಂಸಾ ಆಗತೈತಿ, ವ್ರತ ಆಗೂದಿಲ್ಲ.”

“ನಾ ಸಲ್ಲೇಖನ ಅಂದಿಲ್ಲರಿ. ಇದು ಕಥಿ ನಿಯಮ. ಕಥಿ ಮುಗದ ದಿನಾ ಪಾರಣಿ ಮಾಡತೇನಿ, ಹೋಳಿಗಿ ಉಣತೇನಿ” ಎಂದಳು ಅತ್ತೆ. ಬಾಯಲ್ಲಿ ನೀರೂರಿದ್ದು ಕಾಣಿಸಿತು. ನಿಯಮ ಮುರಿಯುವುದಿಲ್ಲವೆಂದು ಉಪಾಧ್ಯೆಯವರಿಗೆ ಗೊತ್ತಾಯಿತು. ನನ್ನ ಕಡೆ ತಿರುಗಿದರು. “ಹಂಗಾರ ಲಗೂನ ಮುಗಸ್ರಿ, ಪದ್ಮಕುಮಾರ.”

ಮುಗಿಸುವವನೇ ಇದ್ದೆ. ಮೂರೇ ಕಂತು ಎಂದು ಹೊರಟದ್ದು. ಆದರೆ ಇವತ್ತೇ ಸಂಪಾದಕರ ಕಾರ್ಡು ಬಂದಿದೆ. ಪ್ರತಿಗಳೆಲ್ಲ ಖರ್ಚಾಗಿವೆಯಂತೆ. ಧಾರವಾಡದಲ್ಲಿ ಯಾರೋ ಮಾಸಿಕವನ್ನು ಒಲೆಗೆ ಹಾಕಿ, ಮರುದಿನ ಇನ್ನೊಂದು ಪ್ರತಿ ತರಿಸಿಕೊಂಡರಂತೆ. ‘ದಯವಿಟ್ಟು ದೀಪಾವಳಿ ವಿಶೇಷಾಂಕದ ತನಕ ಬೆಳೆಸಬೇಕು.’

ಶಾಲನ ಕಾರ್ಡು ಓದಿದಳು. ಕಾಲು ಹಿಡಿದಳು, ನಿಜವಾಗಿ. “ಒಂದ ಸಾಲು ಬರೀರಿ. ಆ ತಾಯಿ ಪಾರಣಿ ಮಾಡಿದ್ಳು ಅಂತ. ಒಂದ ಸಾಲು. ನಿಮ್ಮನ್ನ ಸಾಕಿದ ಕೈಗೋಳರಿ ಅವು.”

ಒಂದು ಸಾಲು ಎನ್ನುತ್ತಾಳೆ! ಆ ಒಂದು ಸಾಲಿನಿಂದ ಇಡೀ ಕಥೆ ಹಳ್ಳ ಹಿಡಿಯುತ್ತದೆ. ತಾಯಿ ಉಂಡಳು, ಎಲ್ಲರೂ ಸುಖವಾಗಿದ್ದರು — ಅಂಥದ್ದನ್ನು ಬರೆಯುವವರು ಬೇಕಾದಷ್ಟು ಜನರಿದ್ದಾರೆ.

ಸಂಪಾದಕರಿಗೆ ‘ಆಗಲಿ’ ಎಂದು ಬರೆದೆ.

12 ಸೆಪ್ಟೆಂಬರ್

ಮೂರನೇ ಕಂತು ಹೋದ ವಾರ ಬಂತು. ತಾಯಿ ರೊಟ್ಟಿ ಬಿಟ್ಟು ತಿಳಿಗಂಜಿಗೆ ಬಂದಳು. ಅತ್ತೆಯೂ ಬಂದಳು.

ಜಯಪಾಲನ ಪತ್ರ: ಗೋಡೆ ಹಿಡಿದು ನಿಲ್ಲುವ ಆ ಭಾಗ ಓದಿ ಎದ್ದು ಓಡಾಡಿದನಂತೆ. ‘ಕಣ್ಣಾರೆ ನೋಡದೆ ಹೀಗೆ ಬರೆಯಲು ಸಾಧ್ಯವಿಲ್ಲ.’ ಎಷ್ಟು ಸರಿಯಾಗಿ ಹಿಡಿದಿದ್ದಾನೆ! ಹೆಮ್ಮೆಯಾಯಿತು. ಪತ್ರವನ್ನು ಶಾಲನಳಿಗೆ ಓದಿ ಹೇಳಿದೆ. ಅವಳು ಎದ್ದು ಗಂಜಿ ಸೋಸಲು ಹೋದಳು.

19 ಸೆಪ್ಟೆಂಬರ್

ಅತ್ತೆ ಈಗ ಕುಳಿತೇ ಬಡಿಸುತ್ತಾಳೆ. ಸೌಟು ನಡುಗಿ ಸಾರು ನನ್ನ ಧೋತರಕ್ಕೆ ಚೆಲ್ಲಿತು. ಬೈದೆ. “ಹೌದೋ ಪದಮ್ಯಾ, ಕೈ ಕೇಳೂದಿಲ್ಲ” ಎಂದು ಸೆರಗಿನಿಂದ ಒರೆಸಿದಳು. ಆಮೇಲೆ ಅದನ್ನೂ ಬರೆದುಕೊಂಡೆ.

6 ಅಕ್ಟೋಬರ್

ನಾಲ್ಕನೇ ಕಂತು ನಿನ್ನೆ ಬಂತು. ಇದರಲ್ಲಿ ತಾಯಿ ಗಂಜಿಯನ್ನೂ ಬಿಡುತ್ತಾಳೆ. ಸೋಸಿದ ನೀರು ಮಾತ್ರ.

ಇವತ್ತು ಅಂಗಡಿಯಿಂದ ಬೇಗ ಬಂದೆ, ಓದುವಾಗ ಇರಬೇಕೆಂದು. ಪಡಸಾಲೆಯಲ್ಲಿ ಶಾಲನ ಆಗಲೇ ಓದುತ್ತಿದ್ದಳು: ‘ಆಗ ಮಗನ ಮನಸ್ಸು ಕರಗಿತು. ತನ್ನ ಕೈಯಿಂದಲೇ ಹಾಲು ಅನ್ನ ಕಲಸಿ, ಅವ್ವಾ ಪಾರಣೆ ಮಾಡು, ನನ್ನ ತಪ್ಪಾಯಿತು ಎಂದು ತುತ್ತು ಇಟ್ಟನು...’

ನಾನು ಇದನ್ನು ಬರೆದಿಲ್ಲ! ಮಾಸಿಕ ಕೈಯಲ್ಲಿ ಹಿಡಿದು, ಪುಟದ ಮೇಲೆ ಕಣ್ಣಿಟ್ಟು, ಬಾಯಿಗೆ ಬಂದದ್ದು ಓದುತ್ತಿದ್ದಾಳೆ. ಪಕ್ಕದಲ್ಲಿ ಬಟ್ಟಲು, ಅದರಲ್ಲಿ ಹಾಲು ಅನ್ನ. ಮೊದಲೇ ಕಲಸಿ ಇಟ್ಟಿದ್ದಾಳೆ. ಅತ್ತೆ ನಗುತ್ತಿದ್ದಾಳೆ. “ನೋಡು, ನಾ ಹೇಳಿರಲಿಲ್ಲೇನು? ಚೊಲೋ ಹುಡುಗ ಅಂವ.” ಬಟ್ಟಲಿಗೆ ಕೈ ಚಾಚಿದ್ದಾಳೆ. ತುತ್ತು ಬೆರಳಲ್ಲಿದೆ.

ಒಳಗೆ ಹೋದೆ. “ಅದು ಹಾಗಿಲ್ಲ” ಎಂದೆ.

ಶಾಲನ ನನ್ನನ್ನು ನೋಡಿದಳು. ಆ ಮುಖವನ್ನು ಬರೆಯಲು ನನಗೆ ಬರುವುದಿಲ್ಲ. “ಬ್ಯಾಡ್ರಿ... ನಿಮ್ಮ ಕೈ ಮುಗಿತೇನಿ... ಒಂದ ತುತ್ತು...”

ಮಾಸಿಕ ಕಸಿದುಕೊಂಡು ಕುಳಿತೆ. ಮೊದಲಿನಿಂದ ಕೊನೆಯ ತನಕ ಓದಿದೆ, ನಿಧಾನವಾಗಿ, ಅಲ್ಪಪ್ರಾಣ ಮಹಾಪ್ರಾಣ ತಪ್ಪದಂತೆ. ನನಗೆ ಓದುವ ದನಿ ಚೆನ್ನಾಗಿದೆ. ಅತ್ತೆ ಬೆರಳಿನ ತುತ್ತನ್ನು ಬಟ್ಟಲಿಗೆ ಇಳಿಸಿ, ಕೈ ತೊಳೆದುಕೊಂಡು, ಮತ್ತೆ ಬಂದು ಕುಳಿತು ಕೇಳಿದಳು. ಕೊನೆಗೆ ಕೈ ಮುಗಿದಳು.

ಯಾಕೆ ಓದಿದೆ? ಅವಳ ಆ ಸಪ್ಪೆ ವಾಕ್ಯಗಳನ್ನು ಸಹಿಸಲಾಗಲಿಲ್ಲ. ‘ಮಗನ ಮನಸ್ಸು ಕರಗಿತು’ ಅಂತೆ. ಅಷ್ಟೇ ಕಾರಣ. ಬೇರೆ ಇದ್ದರೆ ಅದನ್ನು ಇಲ್ಲಿ ಬರೆಯುವುದಿಲ್ಲ.

15 ಅಕ್ಟೋಬರ್

ಕೊನೆಯ ಕಂತು ಬೆಳಗಾವಿಗೆ ಹೋಗಿ ಆಯಿತು. ತಾಯಿ ಸಾಯುತ್ತಾಳೆ. ಊರೆಲ್ಲ ಬಂದು ಮಗನ ಪಾದ ಮುಟ್ಟುತ್ತದೆ. ನಾನು ಬರೆದದ್ದರಲ್ಲಿ ಇದೇ ಮೇಲು.

ಶಾಲನ ಕೇಳಿದಳು — ಕೈಬರಹದ ಪ್ರತಿ ಇರಬೇಕಲ್ಲ, ಅದನ್ನೇ ಇವತ್ತು ಓದಿ ಮುಗಿಸಿಬಿಡಿ, ಕಥೆಯ ತಾಯಿ ಸತ್ತರೂ ಕಥೆ ಮುಗಿದ ಹಾಗೆಯೇ ತಾನೆ, ನಿಯಮ ಬಿಡುತ್ತದೆ, ಅತ್ತೆಯವರು ಉಣ್ಣುತ್ತಾರೆ. ಬುದ್ಧಿವಂತೆ. ನಕಲು ಮೇಜಿನಲ್ಲಿಯೇ ಇತ್ತು. ಅಚ್ಚಾಗಿ ಬರದೆ ಓದುವುದಿಲ್ಲ ಎಂದೆ. ಕಥೆ ಮುಗಿಯುವುದು ಅಚ್ಚಿನಲ್ಲಿ.

ಮೇಜಿಗೆ ಬೀಗ ಹಾಕಿ ಕೀಲಿಯನ್ನು ಜನಿವಾರಕ್ಕೆ ಕಟ್ಟಿಕೊಂಡೆ.

27 ಅಕ್ಟೋಬರ್, ಮಧ್ಯಾಹ್ನ

ವಿಶೇಷಾಂಕ ಬಂತು. ಬಣ್ಣದ ಮುಖಪುಟ. ಶಾಲನ ಮುಟ್ಟಲಿಲ್ಲ. “ನೀವು ಬರದದ್ದು ನಾ ಮತ್ತ ಓದಂಗಿಲ್ಲ” ಎಂದಳು. ಆದರೆ ತಿಳಿಗಂಜಿ ಮಾಡಿ, ಉಪ್ಪು ಹಾಕಿ, ಚಮಚ ಹಿಡಿದು ಹಾಸಿಗೆಯ ಪಕ್ಕ ಕುಳಿತಳು. ಉಪಾಧ್ಯೆಯವರೂ ಬಂದು ಕುಳಿತರು.

ನಾನೇ ಓದಿದೆ. ಅತ್ತೆಯ ಕಣ್ಣು ಮುಚ್ಚಿತ್ತು, ಆದರೆ ಹೂಂಗುಟ್ಟುತ್ತಿದ್ದಳು. ಹೂಂ ಸಣ್ಣದಾದಾಗ ನಾನು ದನಿ ಏರಿಸಿದೆ. ತಾಯಿ ಸತ್ತಳು, ಮೆರವಣಿಗೆ ಹೊರಟಿತು, ಜನ ಮಗನ ಪಾದ ಮುಟ್ಟಿದರು, ಅವನು ತಲೆ ತಗ್ಗಿಸಿ ಒಳಗೊಳಗೇ ನಕ್ಕ. ಮುಗಿಯಿತು.

“ಮುಗೀತ್ರಿ ಅತ್ತಿಯವ್ರ, ಕಥಿ ಮುಗೀತು, ಬಾಯಿ ತಗೀರಿ” ಎಂದು ಶಾಲನ ಚಮಚ ಹಿಡಿದಳು. ಅತ್ತೆ ಬಾಯಿ ತೆರೆದಳು. ಗಂಜಿ ಒಳಗೆ ಇಳಿಯಲಿಲ್ಲ. ಕಟಬಾಯಿಂದ ಇಳಿದು ದಿಂಬಿಗೆ ಹೋಯಿತು. ಮತ್ತೆ ಹಾಕಿದಳು. ಮತ್ತೆ ಇಳಿಯಿತು.

ಅತ್ತೆ ನನ್ನನ್ನು ಹುಡುಕಿದಳು. ಬಗ್ಗಿದೆ. ಎಲ್ಲ ಓದುಗರೂ ಕೇಳುವ ಪ್ರಶ್ನೆಯನ್ನೇ ಕೇಳುತ್ತಾಳೆ ಎಂದುಕೊಂಡೆ, ಅವನಿಗೆ ಏನು ಶಿಕ್ಷೆಯಾಯಿತು ಎಂದು. ಉತ್ತರ ಸಿದ್ಧವಿತ್ತು.

“ಪದಮ್ಯಾ... ಅಕಿ ಹ್ವಾದ್ಳು. ಆ ಹುಡುಗಗ ಇನ್ನ ಉಣ್ಣಾಕ ಯಾರು ನೀಡತಾರೋ?”

ಉಪಾಧ್ಯೆಯವರು ಎದ್ದು ಹೊರಗೆ ಹೋದರು.

29 ಅಕ್ಟೋಬರ್

ನಿನ್ನೆ ಬೆಳಗಿನ ಜಾವ ಅತ್ತೆ ಹೋದಳು. ಊರು ಅದನ್ನು ಸಲ್ಲೇಖನವೆಂದೇ ತಿಳಿಯಿತು. ಮೆರವಣಿಗೆ. ಉದಗಾಂವ, ಕುರುಂದವಾಡದಿಂದಲೂ ಜನ ಬಂದರು. ಪಂಚಗಂಗೆಯ ದಂಡೆ ತುಂಬಿತ್ತು. ‘ಪುಣ್ಯವಂತ, ಸಾಕಿದವಳನ್ನು ಹೀಗೆ ಕಳಿಸಿಕೊಟ್ಟ’ ಎಂದು ಪಾದ ಮುಟ್ಟಿದರು. ನಾನು ಬರೆದ ಹಾಗೆಯೇ, ಸಾಲು ಸಾಲು ಹಾಗೆಯೇ. ತಲೆ ತಗ್ಗಿಸಿದೆ. ನಗು ಬರಲಿಲ್ಲ. ಅದೊಂದು ತಪ್ಪಿತು.

ಗುಂಪಿನಲ್ಲಿ ಆಬಾಸಾಹೇಬ ಇದ್ದ. ಗಡಹಿಂಗ್ಲಜದಿಂದ ಯಾವಾಗ ಬಂದನೋ. ದೂರದಿಂದಲೇ ನನ್ನನ್ನು ನೋಡಿ, ಗುರುತಿನವರು ನಗುವಂತೆ ನಕ್ಕ.

2 ನವೆಂಬರ್

ಶಾಲನ ಟ್ರಂಕು ಹೊರಿಸಿಕೊಂಡು ನಿಪ್ಪಾಣಿಗೆ ಹೋದಳು. ಹೋಗುವಾಗ ಅತ್ತೆಯ ಸೌಟು ಕೈಯಲ್ಲಿತ್ತು. ಈ ಮನೆಯದೆಂದು ಬೇರೆ ಏನೂ ಒಯ್ಯಲಿಲ್ಲ.

ಸಂಪಾದಕರ ಕಾರ್ಡು: ಓದುಗರ ಪತ್ರಗಳು ರಾಶಿ ಬಿದ್ದಿವೆ. ಎಲ್ಲರದೂ ಒಂದೇ — ಆ ಮಗ ಮುಂದೆ ಏನಾದ? ‘ಹೊಸ ವರ್ಷದಿಂದ ಎರಡನೇ ಭಾಗ ಕೊಡಬೇಕು.’

6 ನವೆಂಬರ್

ಅಂಗಡಿ ತೆರೆಯಲಿಲ್ಲ. ಎರಡನೇ ಭಾಗ ಹಿಡಿದೆ. ಮೊದಲ ವಾಕ್ಯ: ‘ಆ ಮಗ ಕೈಕಾಲು ತೊಳೆದು ತಾಟಿನ ಮುಂದೆ ಕುಳಿತ.’ ಸರಿಯಾಗಿದೆ. ಎರಡನೆಯದು ಬರುತ್ತಿಲ್ಲ. ಯಾರಾದರೂ ಒಳಗಿನಿಂದ ಬಂದು ಅವನಿಗೆ ನೀಡಬೇಕು. ಯಾರನ್ನು ತರಲಿ? ಹೆಂಡತಿಯನ್ನು ತಂದೆ, ಆ ಸಾಲಿಗೆ ಗೀಟು ಹಾಕಿದೆ. ಆಳನ್ನು ತಂದೆ, ಅದೂ ಸುಳ್ಳು. ಬೆಳಗಿನಿಂದ ಇದೇ.

ನಿನ್ನೆಯಿಂದ ನಾನೂ ಏನೂ ತಿಂದಿಲ್ಲ. ಒಲೆ ಹಚ್ಚಲು ಬರುವುದಿಲ್ಲ, ಇಷ್ಟು ವಯಸ್ಸಾದರೂ. ಅಡುಗೆಮನೆಗೆ ಹೋಗಿ ನೋಡಿದೆ. ಆಬಾಸಾಹೇಬನ ಬೆಲ್ಲ ಇದೆ, ಇರುವೆ ಮುತ್ತಿದೆ. ತಾಟು ತಂದು ಹಾಕಿಕೊಂಡು ಕುಳಿತೆ, ಅಭ್ಯಾಸ. ‘ಅತ್ತೀ’ ಎಂದು ಕೂಗಿಯೂ ಬಿಟ್ಟೆ. ಹಸಿವು ತಡೆಯಲಾಗುತ್ತಿಲ್ಲ. ನನಗೆ ಈಗ ಯಾರು —